ಪರ್ಯಾಯ ಕಾಮಿಕ್ಸ್ ಎಂದರೇನು, ಅದರ ಅಂಗಡಿಯಲ್ಲಿ ಸಂಜೆ ಜನ ಏಕೆ ಸೇರುತ್ತಾರೆ

ಪರ್ಯಾಯ ಕಾಮಿಕ್ಸ್ ಎಂಬ ಮಾತನ್ನು ಮೊದಲ ಸಲ ಕೇಳಿದವರು ಅದು ಚಿತ್ರ ಬಿಡಿಸುವ ಒಂದು ಶೈಲಿ ಇರಬೇಕೆಂದು ತಿಳಿಯುತ್ತಾರೆ. ಒರಟು ಗೆರೆ, ಕಪ್ಪು-ಬಿಳುಪು ಪುಟ, ಬೇಸರ ತುಂಬಿದ ಮುಖಗಳು, ಎಲ್ಲಿಯೋ ಶುರುವಾಗಿ ಎಲ್ಲಿಯೋ ನಿಲ್ಲುವ ಕಥೆ, ಇಷ್ಟು ಅವರ ಮನಸ್ಸಿನಲ್ಲಿ ಮೂಡುತ್ತದೆ. ಅಂತಹ ಪುಸ್ತಕಗಳು ಇವೆ, ಆದರೆ ಗುರುತು ಅಲ್ಲಿಲ್ಲ. ಒಂದು ಚಿತ್ರಕಥೆ ಪರ್ಯಾಯವೋ ಅಲ್ಲವೋ ಎಂದು ತಿಳಿಯಬೇಕಾದರೆ ಪುಟ ತೆರೆಯುವ ಮೊದಲೇ ಮೂರು ಪ್ರಶ್ನೆ ಕೇಳಬೇಕು: ಪಾತ್ರಗಳ ಹಕ್ಕು ಯಾರದು, ಅಚ್ಚಿನ ಖರ್ಚನ್ನು ಯಾರು ಹೊತ್ತರು, ಮಾರಾಟವಾಗದೆ ಉಳಿದ ಪ್ರತಿಗಳ ನಷ್ಟ ಯಾರ ತಲೆಗೆ ಬಂತು. ಈ ಲೆಕ್ಕ ಅರ್ಥವಾದರೆ, ಇಂತಹ ಪುಸ್ತಕಗಳನ್ನಷ್ಟೇ ಇಟ್ಟುಕೊಂಡ ಸ್ವತಂತ್ರ ಅಂಗಡಿಯೊಂದು ವ್ಯಾಪಾರದ ಜೊತೆಗೆ ಸಂಜೆಯ ಕಾರ್ಯಕ್ರಮಗಳನ್ನೂ ಏಕೆ ನಡೆಸುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ಹಠ ಮಾಡಿ ಚಿತ್ರಕಥೆ ಕೊಡಿಸಿಕೊಂಡ ತಲೆಮಾರಿಗೆ ಕಾಮಿಕ್ಸ್ ಎಂದರೆ ಮೊದಲು ನೆನಪಾಗುವುದು 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್, ಅಮರ ಚಿತ್ರಕಥೆಯ ಪುರಾಣಪುರುಷರು ಮತ್ತು ಬಾಲಮಂಗಳದ ಡಿಂಗ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ರೂಪಿಸಿದ ಅಮರ ಚಿತ್ರಕಥೆಯ ‘ಕೃಷ್ಣ’ ಪುಸ್ತಕಕ್ಕೆ 11ನೆಯ ಸಂಖ್ಯೆ ಇರುವುದನ್ನು ಗಮನಿಸಿದವರು ಕಡಿಮೆ. ಅದಕ್ಕೆ ಮೊದಲು ಬಂದ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಿನ್ನರಕಥೆಗಳಾಗಿದ್ದವು, ಅವು ಬಂದದ್ದು ಕನ್ನಡದಲ್ಲಿ. ಇವೆಲ್ಲ ಮುಖ್ಯವಾಹಿನಿಯ ಪ್ರಕಟಣೆಗಳು. ಕಥೆ ಬರೆಯುವವರು ಒಬ್ಬರು, ಪೆನ್ಸಿಲ್ಲಿನಲ್ಲಿ ಬಿಡಿಸುವವರು ಇನ್ನೊಬ್ಬರು, ಮಸಿ ಹಚ್ಚುವವರು, ಅಕ್ಷರ ಬರೆಯುವವರು, ಬಣ್ಣ ತುಂಬುವವರು ಬೇರೆ ಬೇರೆ, ಹಕ್ಕು ಮಾತ್ರ ಪ್ರಕಾಶನ ಸಂಸ್ಥೆಯದು ಎಂಬ ಕಾರ್ಖಾನೆ ಪದ್ಧತಿ ಜಗತ್ತಿನ ಬಹುಪಾಲು ಜನಪ್ರಿಯ ಕಾಮಿಕ್ಸ್‌ಗೆ ಆಧಾರ. ಆ ಪದ್ಧತಿಯ ಅನ್ಯಾಯಕ್ಕೆ ಎಲ್ಲರೂ ಕೊಡುವ ಉದಾಹರಣೆ 1938ರದು: ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರ್‌ಗೆ ಬರೆದುಕೊಟ್ಟು ಜೀವನವಿಡೀ ಪರಿತಪಿಸಿದರು. ಕಾರ್ಖಾನೆಯಲ್ಲಿ ಒಳ್ಳೆಯ ಪುಸ್ತಕ ಹುಟ್ಟುವುದಿಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ಬಾಲ್ಯದ ಓದಿನ ಬಹುಭಾಗ ಅಲ್ಲಿಂದಲೇ ಬಂದದ್ದು.

ಪರ್ಯಾಯ ಧಾರೆ ಅಮೆರಿಕದಲ್ಲಿ ಹುಟ್ಟಿದ್ದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಕಾಮಿಕ್ಸ್ ಓದುವುದರಿಂದ ಮಕ್ಕಳು ಅಪರಾಧಿಗಳಾಗುತ್ತಾರೆಂದು ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು 1954ರಲ್ಲಿ ಪುಸ್ತಕವನ್ನೇ ಬರೆದರು, ಅದೇ ವರ್ಷ ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ಸರಕಾರ ಕೈ ಹಾಕುವ ಮೊದಲೇ ತಮಗೆ ತಾವೇ ಒಂದು ಸಂಹಿತೆಯನ್ನು ವಿಧಿಸಿಕೊಂಡರು. ಅದರ ಮುದ್ರೆಯಿಲ್ಲದ ಪುಸ್ತಕವನ್ನು ಹೆಚ್ಚಿನ ಸಗಟು ವಿತರಕರು ಮುಟ್ಟುತ್ತಿರಲಿಲ್ಲ. ಶೀರ್ಷಿಕೆಯಲ್ಲಿ ‘ಭಯಾನಕ’ ಎಂಬರ್ಥದ ಪದ ಬರಕೂಡದು, ಪೊಲೀಸರು, ನ್ಯಾಯಾಧೀಶರು, ಸರಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ಚಿತ್ರಿಸಕೂಡದು ಎಂಬಂತಹ ನಿಯಮಗಳು ಅದರಲ್ಲಿದ್ದವು. (ಇಂತಹ ನಿಯಮದ ಕೆಳಗೆ ನಮ್ಮ ಯಾವುದೇ ತಾಲ್ಲೂಕು ಕಚೇರಿಯ ಒಂದು ದಿನವನ್ನು ಚಿತ್ರಕಥೆಯಾಗಿಸಲು ಕುಳಿತವನ ಪಾಡನ್ನು ಊಹಿಸಿಕೊಳ್ಳಬಹುದು.) ಹೀಗೆ ಒಂದಿಡೀ ಮಾಧ್ಯಮ ಮಕ್ಕಳ ವಿನೋದಕ್ಕೆ ಸೀಮಿತವಾಯಿತು. ಆ ಸಂಹಿತೆ ಪೂರ್ತಿಯಾಗಿ ಸತ್ತದ್ದು 2011ರಲ್ಲಿ, ಕೊನೆಗೆ ಉಳಿದಿದ್ದ ಪ್ರಕಾಶಕರೂ ಅದನ್ನು ಕೈಬಿಟ್ಟಾಗ.

ಮುದ್ರೆ ಬೇಡವೆಂದವರು ವಿತರಕರನ್ನೇ ಬಿಟ್ಟು ಹೊರನಡೆದರು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಬರ್ಟ್ ಕ್ರಂಬ್ ಅವರ ‘ಝಾಪ್’ ಪತ್ರಿಕೆಯ ಮೊದಲ ಸಂಚಿಕೆಯನ್ನು ಮಗುವಿನ ತಳ್ಳುಗಾಡಿಯಲ್ಲಿಟ್ಟು ಬೀದಿಯಲ್ಲಿ ಮಾರಿದ ಸಂಗತಿ ಕಾಮಿಕ್ಸ್ ಲೋಕದಲ್ಲಿ ಪ್ರಸಿದ್ಧವಾಗಿದೆ. ಈ ಭೂಗತ ಕಾಮಿಕ್ಸ್‌ನಲ್ಲಿ ಕಾಮ, ಮಾದಕವಸ್ತು, ಉದ್ದೇಶಪೂರ್ವಕ ಅಸಭ್ಯತೆ ಎಲ್ಲವೂ ತುಂಬಿದ್ದವು, ಇಂದು ಓದಿದರೆ ಅದರಲ್ಲಿ ಬಹಳಷ್ಟು ಬೇಸರ ತರಿಸುತ್ತದೆ. ಆದರೆ ಒಬ್ಬನೇ ವ್ಯಕ್ತಿ ಬರೆದು, ಬಿಡಿಸಿ, ಹಕ್ಕು ತನ್ನ ಬಳಿಯೇ ಇಟ್ಟುಕೊಂಡು, ಮಾಮೂಲು ವಿತರಣೆಯ ಹಂಗಿಲ್ಲದೆ ಓದುಗನನ್ನು ಮುಟ್ಟಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಅಂಗಡಿಯ ಕಥೆ ಶುರುವಾಗುವುದು ಇಲ್ಲಿಂದ. ಪತ್ರಿಕೆ ಮಾರುವ ಗೂಡಂಗಡಿಗಳ ವ್ಯವಹಾರದಲ್ಲಿ ಉಳಿದ ಪ್ರತಿಗಳನ್ನು ವಾಪಸು ಕಳಿಸುವ ಹಕ್ಕು ಅಂಗಡಿಯವನಿಗೆ ಇತ್ತು. ಎಷ್ಟೋ ಸಲ ಹೊದಿಕೆಯನ್ನು ಮಾತ್ರ ಹರಿದು ಕಳಿಸಿದರೂ ಸಾಕಾಗುತ್ತಿತ್ತು. ಇದರಿಂದ ಪ್ರಕಾಶಕನು ಮಾರಾಟವಾಗುವುದಕ್ಕಿಂತ ಬಹಳ ಹೆಚ್ಚು ಪ್ರತಿಗಳನ್ನು ಅಚ್ಚು ಹಾಕಲೇಬೇಕಾಗುತ್ತಿತ್ತು, ಅಷ್ಟು ಬಂಡವಾಳವಿಲ್ಲದವನು ಆ ಕಣಕ್ಕೆ ಇಳಿಯುವಂತೆಯೇ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಫಿಲ್ ಸ್ಯೂಲಿಂಗ್ ಇನ್ನೊಂದು ಕರಾರನ್ನು ಮುಂದಿಟ್ಟರು: ಅಂಗಡಿಯವನು ಮುಂಚಿತವಾಗಿಯೇ ಇಷ್ಟು ಪ್ರತಿ ಬೇಕೆಂದು ಹೇಳುತ್ತಾನೆ, ಹೆಚ್ಚಿನ ರಿಯಾಯಿತಿ ಪಡೆಯುತ್ತಾನೆ, ಪ್ರತಿಯಾಗಿ ಉಳಿದದ್ದನ್ನು ವಾಪಸು ಕಳಿಸುವ ಹಕ್ಕನ್ನು ಬಿಟ್ಟುಕೊಡುತ್ತಾನೆ. ನೇರ ಮಾರುಕಟ್ಟೆ ಎಂದು ಹೆಸರಾದ ಈ ಏರ್ಪಾಟು ಮೇಲ್ನೋಟಕ್ಕೆ ಬರೀ ವ್ಯಾಪಾರದ ಮಾತು. ಆದರೆ ಬೇಡಿಕೆ ಮೊದಲೇ ಗೊತ್ತಾಗುವುದರಿಂದ ಪ್ರಕಾಶಕನು ಎರಡು-ಮೂರು ಸಾವಿರ ಪ್ರತಿಗಳನ್ನಷ್ಟೇ ಅಚ್ಚು ಹಾಕಿಯೂ ಬದುಕಬಹುದಾಯಿತು. ಉಳಿದ ಪ್ರತಿ ತನ್ನ ಕಪಾಟಿನಲ್ಲೇ ಧೂಳು ತಿನ್ನುವುದರಿಂದ ಅಂಗಡಿಯವನು ತನ್ನ ಗಿರಾಕಿಗಳ ರುಚಿಯನ್ನು ಹೆಸರು ಹಿಡಿದು ಬಲ್ಲವನಾಗಬೇಕಾಯಿತು. ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿ ಹುಟ್ಟಿದ್ದು ಹೀಗೆ.

ಅದೇ ಕರಾರಿನಲ್ಲಿ ಒಂದು ತೊಡಕೂ ಅಡಗಿತ್ತು. ನಷ್ಟ ತನ್ನದೇ ಆದಾಗ ಅಂಗಡಿಯವನು ಖಂಡಿತ ಮಾರಾಟವಾಗುವ ಮಹಾವೀರರ ಕಥೆಗಳನ್ನೇ ತರಿಸುತ್ತಾನೆ, ಹೆಸರು ಕೇಳದ ಕಲಾವಿದನ ಪುಸ್ತಕಕ್ಕೆ ಹಣ ಹಾಕಲು ಹಿಂಜರಿಯುತ್ತಾನೆ. ಕಾಲಕ್ರಮದಲ್ಲಿ ಹೆಚ್ಚಿನ ಕಾಮಿಕ್ಸ್ ಅಂಗಡಿಗಳು ಮುಖ್ಯವಾಹಿನಿಯ ಗೋದಾಮುಗಳೇ ಆದವು. ಈ ಒತ್ತಡಕ್ಕೆ ಒಗ್ಗದೆ, ಸಣ್ಣ ಪ್ರಕಾಶನಗಳನ್ನೂ ಝೆರಾಕ್ಸ್ ಮಾಡಿ ಪಿನ್ನು ಹೊಡೆದ ಕಿರುಪುಸ್ತಕಗಳನ್ನೂ ಮುಂದಿನ ಮೇಜಿನ ಮೇಲೆ ಇಟ್ಟ ಅಂಗಡಿಗಳನ್ನು ಸ್ವತಂತ್ರ ಕಾಮಿಕ್ಸ್ ಅಂಗಡಿ ಎಂದು ಕರೆಯಬೇಕು. ಷಿಕಾಗೋದ ಕ್ವಿಂಬೀಸ್, ಟೊರಾಂಟೋದ ಬಿಗೈಲಿಂಗ್, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಡೆಸರ್ಟ್ ಐಲ್ಯಾಂಡ್ ಇಂತಹವು. ಮಾಂಟ್ರಿಯಲ್‌ನಲ್ಲಿ ‘ಡ್ರಾನ್ ಅಂಡ್ ಕ್ವಾರ್ಟರ್ಲಿ’ ಎಂಬ ಪ್ರಕಾಶನ ಸಂಸ್ಥೆಯೇ 2007ರಲ್ಲಿ ಅಂಗಡಿ ತೆರೆಯಿತು.

ಮೇಜಿನ ಮೇಲೆ ಏನಿರುತ್ತದೆ ಎಂದರೆ, ಆಯ್ದು ಹೇಳುವುದಾದರೂ ಬಹಳ ಇದೆ. ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಕಡತ ನೋಡಿಕೊಳ್ಳುವ ಗುಮಾಸ್ತರಾಗಿದ್ದ ಹಾರ್ವಿ ಪೀಕರ್ ಅವರಿಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. 1976ರಿಂದ ಅವರು ತಮ್ಮ ದಿನಚರಿಯನ್ನೇ ಬರೆದು, ಬೇರೆಯವರಿಂದ ಬಿಡಿಸಿ, ಸ್ವಂತ ಹಣದಲ್ಲಿ ಪ್ರಕಟಿಸಿದರು. ದಿನಸಿ ಅಂಗಡಿಯ ಸಾಲಿನಲ್ಲಿ ಯಾವ ಮುದುಕಿಯ ಹಿಂದೆ ನಿಂತರೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದೂ ಅವರಿಗೆ ಕಥಾವಸ್ತು. 1980ರಲ್ಲಿ ಆರ್ಟ್ ಸ್ಪೀಗಲ್‌ಮನ್ ಮತ್ತು ಫ್ರಾನ್ಸ್ವಾಸ್ ಮೂಲಿ ದಂಪತಿ ‘ರಾ’ ಪತ್ರಿಕೆಯನ್ನು ಆರಂಭಿಸಿದರು. ಮೂಲಿ ಅವರ ಮನೆಯಲ್ಲೇ ಮುದ್ರಣಯಂತ್ರವಿತ್ತು. ಅದೇ ಪತ್ರಿಕೆಯೊಳಗೆ ಅಂಟಿಸಿದ ಪುಟ್ಟ ಪುಸ್ತಿಕೆಗಳಾಗಿ ‘ಮೌಸ್’ ಬರತೊಡಗಿತು. ಅದರಲ್ಲಿ ಸ್ಪೀಗಲ್‌ಮನ್ ತಮ್ಮ ತಂದೆ ನಾಜಿಗಳ ಯಾತನಾಶಿಬಿರದಿಂದ ಬದುಕಿ ಬಂದ ಕಥೆಯನ್ನು, ಯೆಹೂದ್ಯರಿಗೆ ಇಲಿಯ ಮುಖವನ್ನೂ ಜರ್ಮನ್ನರಿಗೆ ಬೆಕ್ಕಿನ ಮುಖವನ್ನೂ ಕೊಟ್ಟು ಹೇಳಿದರು. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಪ್ರಶಸ್ತಿ ಸಂದಿತು. ಜಪಾನಿನಲ್ಲಿ 1964ರಲ್ಲೇ ‘ಗಾರೊ’ ಎಂಬ ಮಾಸಪತ್ರಿಕೆ ಪ್ರೌಢ ಓದುಗರ ಚಿತ್ರಕಥೆಗೆ ನೆಲೆಯಾಗಿತ್ತು. ಪ್ಯಾರಿಸ್ಸಿನಲ್ಲಿ 1990ರಲ್ಲಿ ಕಲಾವಿದರೇ ಕೂಡಿ ಕಟ್ಟಿದ ‘ಲಾಸೋಸಿಯಾಸಿಯೋಂ’ ಸಂಸ್ಥೆ, ಇರಾನಿನಿಂದ ಬಂದ ಮಾರ್ಜಾನ್ ಸತ್ರಪಿ ಅವರ ‘ಪರ್ಸೆಪೊಲಿಸ್’ ಕೃತಿಯನ್ನು 2000ದಿಂದ ನಾಲ್ಕು ಸಂಪುಟಗಳಲ್ಲಿ ಹೊರತಂದಿತು.

ಭಾರತದಲ್ಲಿ ಈ ಬಗೆಯ ಮೊದಲ ದೀರ್ಘ ಕೃತಿಯೆಂದು ಸಾಮಾನ್ಯವಾಗಿ ಹೆಸರಿಸುವುದು 1994ರಲ್ಲಿ ಬಂದ ಓರಿಜಿತ್ ಸೇನ್ ಅವರ ‘ರಿವರ್ ಆಫ್ ಸ್ಟೋರೀಸ್’. ನರ್ಮದಾ ಅಣೆಕಟ್ಟಿನ ಚಳವಳಿಯನ್ನು ಆದಿವಾಸಿಗಳ ಸೃಷ್ಟಿಕಥೆಯ ಜೊತೆ ಹೆಣೆದ ಈ ಪುಸ್ತಕ ಬಹುಕಾಲ ಓದಲು ಸಿಗುತ್ತಲೇ ಇರಲಿಲ್ಲ. 2022ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನ ಅದನ್ನು ಮರುಮುದ್ರಿಸಿತು. ಸಾರನಾಥ ಬ್ಯಾನರ್ಜಿ ಅವರ ‘ಕಾರಿಡಾರ್’ 2004ರದು, ದೆಹಲಿಯ ಹಳೆಯ ಪುಸ್ತಕ ಮಾರುವವನೊಬ್ಬನ ಸುತ್ತ ಸುತ್ತುವ ಕಥೆ. ನನ್ನ ಮಟ್ಟಿಗೆ ಇವುಗಳೆಲ್ಲಕ್ಕಿಂತ ದೂರ ಹೋದದ್ದು 2011ರ ‘ಭೀಮಾಯಣ’. ಅಂಬೇಡ್ಕರರ ಬದುಕನ್ನು ಬಿಡಿಸಿದ ಪರ್ಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್, ಜನರನ್ನು ಡಬ್ಬಿಯಲ್ಲಿ ಕೂಡಿಹಾಕಿದಂತಾಗುತ್ತದೆ ಎಂದು ಚೌಕಟ್ಟುಗಳನ್ನೇ ಒಲ್ಲೆನೆಂದರು. ಕಾಮಿಕ್ಸ್‌ನಲ್ಲಿ ಪಾತ್ರದ ಮಾತನ್ನು ಬರೆಯುವ ಗುಳ್ಳೆಗೆ ಬಲೂನು ಎನ್ನುತ್ತಾರೆ. ಅವರ ಪುಟದಲ್ಲಿ ಮೃದುವಾದ ಮಾತು ಹಕ್ಕಿಯಾಕಾರದ ಬಲೂನಿನಲ್ಲಿ ಬರುತ್ತದೆ, ಜಾತಿಯ ವಿಷವಿರುವ ಮಾತಿನ ಬಲೂನಿಗೆ ಚೇಳಿನ ಕೊಂಡಿ ಇರುತ್ತದೆ. ಯಾರು ಹೇಗೆ ಮಾತಾಡುತ್ತಿದ್ದಾರೆಂದು ಓದುವ ಮೊದಲೇ ಕಣ್ಣಿಗೆ ತಿಳಿಯುತ್ತದೆ.

ಚೌಕಟ್ಟಿನ ಮಾತು ಬಂದದ್ದರಿಂದ ಪುಟ ಕೆಲಸ ಮಾಡುವ ರೀತಿಯನ್ನು ಇಲ್ಲಿಯೇ ಹೇಳಬೇಕು. ಎರಡು ಚೌಕಟ್ಟುಗಳ ನಡುವಿನ ಬಿಳಿಯ ಸಂದಿಗೆ ಇಂಗ್ಲಿಷಿನವರು ‘ಗಟರ್’ ಎನ್ನುತ್ತಾರೆ. ಕೇಳಿದೊಡನೆ ನಮ್ಮ ಓಣಿಯ ಗಟಾರ ನೆನಪಾದರೆ ತಪ್ಪಿಲ್ಲ. ಮೊದಲ ಚೌಕದಲ್ಲಿ ಒಬ್ಬಾಕೆ ಚಿಗರಿ ಬಸ್ಸಿನ ಬಾಗಿಲಲ್ಲಿ ಕಾಲಿಡುತ್ತಾಳೆ, ಎರಡನೆಯದರಲ್ಲಿ ಅದೇ ಆಕೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಾಳೆ. ನಡುವೆ ಹುಬ್ಬಳ್ಳಿಯಿಂದ ನವನಗರದವರೆಗಿನ ದಾರಿ, ಟಿಕೆಟು, ನೂಕುನುಗ್ಗಲು, ಸೀಟು ಸಿಕ್ಕ ಸಮಾಧಾನ ಎಲ್ಲವೂ ಆಗಿಹೋಗಿವೆ, ಆದರೆ ಅವನ್ನು ಯಾರೂ ಬಿಡಿಸಿಲ್ಲ. ಅಷ್ಟನ್ನೂ ಆ ಬೆರಳಗಲದ ಬಿಳಿ ಜಾಗದಲ್ಲಿ ಓದುಗನೇ ತುಂಬಿಕೊಂಡಿದ್ದಾನೆ. ಸ್ಕಾಟ್ ಮೆಕ್‌ಕ್ಲೌಡ್ ಅವರು 1993ರಲ್ಲಿ ಕಾಮಿಕ್ಸ್ ರೂಪದಲ್ಲೇ ಬರೆದ ಕಾಮಿಕ್ಸ್ ಮೀಮಾಂಸೆಯಲ್ಲಿ ಇದನ್ನೇ ಈ ಮಾಧ್ಯಮದ ಹೃದಯವೆಂದು ಹಿಡಿದಿದ್ದಾರೆ. ಸಿನಿಮಾ ತನ್ನ ವೇಗದಲ್ಲಿ ನಮ್ಮನ್ನು ಎಳೆದೊಯ್ಯುತ್ತದೆ. ಇಲ್ಲಿ ವೇಗ ಓದುಗನ ಕೈಯಲ್ಲಿದೆ, ಹಿಂದಿನ ಕ್ಷಣವೂ ಮುಂದಿನ ಕ್ಷಣವೂ ಒಂದೇ ಪುಟದಲ್ಲಿ ಒಟ್ಟಿಗೆ ಕಾಣುತ್ತಿರುತ್ತವೆ. ಪಟ್ಟದಕಲ್ಲಿನ ಕಂಬಗಳ ರಾಮಾಯಣದ ಸಾಲುಗಳನ್ನು ತೋರಿಸಿ ‘ಕಾಮಿಕ್ಸ್ ನಮ್ಮಲ್ಲಿ ಮೊದಲೇ ಇತ್ತು’ ಎನ್ನುವವರು ಇದ್ದಾರೆ. ಸಾಲು ಚಿತ್ರದಲ್ಲಿ ಕಥೆ ಹೇಳುವುದು ಹಳೆಯದು, ಒಪ್ಪೋಣ. ಆದರೆ ಅಚ್ಚಾಗಿ, ಕೈಯಲ್ಲಿ ಹಿಡಿದು, ಪುಟ ತಿರುವಿದಾಗ ಬೆಚ್ಚಿಬೀಳುವ ಅನುಭವಕ್ಕೂ ಕಂಬದ ಸುತ್ತ ನಡೆದು ನೋಡುವುದಕ್ಕೂ ಇರುವ ಅಂತರವನ್ನು ಅಳಿಸಿಹಾಕಿ ಪಡೆಯುವ ಹಿರಿಮೆ ನನಗೆ ಬೇಕಿಲ್ಲ.

ಕನ್ನಡದಲ್ಲಿ ಕಾಮಿಕ್ಸ್ ಮಾಡಲು ಕುಳಿತವರಿಗೆ ಮೊದಲು ಎದುರಾಗುವ ಕಷ್ಟ ಚಿತ್ರದ್ದಲ್ಲ, ಅಕ್ಷರದ್ದು. ಇಂಗ್ಲಿಷ್ ಕಾಮಿಕ್ಸ್‌ನ ಬಲೂನಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುವುದು ರೂಢಿ. ಎಲ್ಲ ಅಕ್ಷರಗಳೂ ಒಂದೇ ಎತ್ತರವಾಗಿ, ಸಾಲುಗಳು ಒಂದರ ಕೆಳಗೊಂದು ಒತ್ತಾಗಿ ಕೂಡುತ್ತವೆ. ಕನ್ನಡಕ್ಕೆ ಆ ಅನುಕೂಲವಿಲ್ಲ. ‘ಸ್ವಾತಂತ್ರ್ಯ’ ಎಂಬ ಒಂದು ಪದದ ಒತ್ತಕ್ಷರಗಳು ಕೆಳಸಾಲಿಗೆ ಇಳಿಯುತ್ತವೆ, ಕೆಳಸಾಲಿನ ಗುಡಿಸುಗಳು ಮೇಲೆ ಚಾಚಿ ಅವನ್ನು ತಾಗುತ್ತವೆ, ಸಾಲುಗಳ ನಡುವೆ ಜಾಗ ಬಿಟ್ಟರೆ ಬಲೂನು ಉಬ್ಬಿ ಚಿತ್ರವನ್ನು ನುಂಗುತ್ತದೆ. ಇಂಗ್ಲಿಷಿಗೆಂದು ಬಿಡಿಸಿದ ಬಲೂನಿನಲ್ಲಿ ಕನ್ನಡದ ಅನುವಾದವನ್ನು ತುರುಕಿದ ಪುಸ್ತಕಗಳಲ್ಲಿ ಅಕ್ಷರ ಇರುವೆಯಷ್ಟು ಸಣ್ಣದಾಗುವುದು ಇದರಿಂದಲೇ. ಆದ್ದರಿಂದ ಅನುಭವಿಗಳು ಮೊದಲು ಮಾತನ್ನು ಬರೆದು, ಅದರ ಸುತ್ತ ಬಲೂನು ಎಳೆದು, ಉಳಿದ ಜಾಗದಲ್ಲಿ ಚಿತ್ರ ಬಿಡಿಸುತ್ತಾರೆ. ಈ ವಿಷಯದಲ್ಲಿ ನಮ್ಮ ಕಡೆಯ ಮಾತಿಗೆ ಒಂದು ಲಾಭವಿದೆ. ‘ಎಲ್ಲಿಗೆ ಹೊರಟಿದ್ದೀರಿ?’ ಎಂಬುದು ‘ಎಲ್ಲಿ ಹೊಂಟೀರಿ?’ ಆದಾಗ, ‘ಬನ್ನಿ, ಕುಳಿತುಕೊಳ್ಳಿ’ ಎಂಬುದು ‘ಬರ್ರಿ, ಕೂಡ್ರಿ’ ಆದಾಗ ಬಲೂನಿನ ಮೂರನೆಯ ಒಂದು ಭಾಗದಷ್ಟು ಜಾಗ ಉಳಿಯುತ್ತದೆ, ಮಾತಾಡುವವನ ಊರೂ ಗೊತ್ತಾಗುತ್ತದೆ. ಧಾರವಾಡದ ಕನ್ನಡವನ್ನು ನಾಟಕ ಚೆನ್ನಾಗಿ ಬಳಸಿಕೊಂಡಿದೆ, ಚಿತ್ರಕಥೆ ಇನ್ನೂ ಬಳಸಿಕೊಂಡಿಲ್ಲ.

ಇನ್ನು ಅಂಗಡಿಯ ಸಂಜೆಗಳು. ಇನ್ನೂರು ಪ್ರತಿ ಅಚ್ಚು ಹಾಕಿದ ಕಲಾವಿದನಿಗೆ ಜಾಹೀರಾತಿಗೆ ಹಣವಿರುವುದಿಲ್ಲ, ಅಂಗಡಿಗೂ ಗೊತ್ತಿಲ್ಲದ ಹೆಸರಿನ ಪುಸ್ತಕವನ್ನು ಕೊಂಡಿಡುವ ಧೈರ್ಯವಿರುವುದಿಲ್ಲ. ಮೊದಲ ಸಮಸ್ಯೆಗೆ ಉತ್ತರ ಕಾರ್ಯಕ್ರಮ, ಎರಡನೆಯದಕ್ಕೆ ಉತ್ತರ ಮಾರಿದ ಮೇಲೆ ಹಣ ಕೊಡುವ ಕರಾರು. ಪುಸ್ತಕ ಬಿಡುಗಡೆಯ ಸಂಜೆ ಕಲಾವಿದನ ಗೆಳೆಯರು, ಅವರ ಗೆಳೆಯರು ಬರುತ್ತಾರೆ, ಪ್ರತಿಯೊಬ್ಬ ಕೊಳ್ಳುವವನ ಪುಸ್ತಕದ ಮೇಲೂ ಕಲಾವಿದ ಸಹಿಯ ಜೊತೆ ಒಂದು ಪುಟ್ಟ ಚಿತ್ರ ಬಿಡಿಸಿ ಕೊಡುತ್ತಾನೆ. ಅದಕ್ಕೆ ತಲೆಗೆ ಐದು ನಿಮಿಷ ಬೇಕಾಗುವುದರಿಂದ ಸಾಲು ನಿಧಾನವಾಗಿ ಸಾಗುತ್ತದೆ, ಸಾಲಿನಲ್ಲಿ ನಿಂತವರು ಸುತ್ತಲಿನ ಕಪಾಟು ನೋಡುತ್ತಾರೆ, ನೋಡಿದವರು ಇನ್ನೆರಡು ಪುಸ್ತಕ ಕೊಳ್ಳುತ್ತಾರೆ. ಅಂಗಡಿಯ ಬಾಡಿಗೆ ಹುಟ್ಟುವುದು ಬಹಳ ಸಲ ಈ ಎರಡು ಪುಸ್ತಕಗಳಿಂದ.

ಕಾಮಿಕ್ಸ್ ವಾಚನ ಎಂಬುದು ಇನ್ನೊಂದು ಬಗೆ. ಕವಿಗೋಷ್ಠಿಯಲ್ಲಿ ಬರೀ ಓದಿದರೆ ಸಾಕು, ಇಲ್ಲಿ ಚೌಕಟ್ಟುಗಳನ್ನು ಒಂದೊಂದಾಗಿ ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸುತ್ತ ಎಲ್ಲ ಪಾತ್ರಗಳ ದನಿಯನ್ನೂ ಕಲಾವಿದನೇ ಮಾಡಬೇಕಾಗುತ್ತದೆ. ತೆರೆಯ ಹಿಂದೆ ಕುಳಿತು ತೊಗಲುಗೊಂಬೆಗೆ ದನಿ ಕೊಡುವ ಕಿಳ್ಳೇಕ್ಯಾತರ ಆಟ ನೋಡಿದವರಿಗೆ ಇದು ಅಪರಿಚಿತವೆನಿಸದು. ಕೂಡಿ ಬಿಡಿಸುವ ಸಂಜೆಯಲ್ಲಿ ಒಂದು ಹಾಳೆ ಮೇಜಿನ ಸುತ್ತ ತಿರುಗುತ್ತದೆ. ಒಬ್ಬನು ಮೊದಲ ಚೌಕ ಬಿಡಿಸಿ ಪಕ್ಕದವನಿಗೆ ಕೊಡುತ್ತಾನೆ, ಕಥೆ ಎತ್ತ ಹೋಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ, ಫಲಿತಾಂಶ ಹೆಚ್ಚಾಗಿ ಹಾಸ್ಯಾಸ್ಪದವಾಗಿರುತ್ತದೆ. ಆದರೆ ಚಿತ್ರ ಬಿಡಿಸಲು ನಾಚುವವರು ಮೊದಲ ಬಾರಿ ಪೆನ್ನು ಹಿಡಿಯುವುದು ಇಲ್ಲಿಯೇ. ಇಪ್ಪತ್ನಾಲ್ಕು ಗಂಟೆಯ ಕಾಮಿಕ್ಸ್ ಇದಕ್ಕಿಂತ ಕಠಿಣ. 1990ರಲ್ಲಿ ಅದೇ ಮೆಕ್‌ಕ್ಲೌಡ್ ಒಬ್ಬ ಗೆಳೆಯನೊಂದಿಗೆ ಹೂಡಿದ ಪಂಥದಿಂದ ಹುಟ್ಟಿದ್ದು ಅದು: ಇಪ್ಪತ್ನಾಲ್ಕು ಗಂಟೆಯೊಳಗೆ ಇಪ್ಪತ್ನಾಲ್ಕು ಪುಟ, ಮುಂಚಿನ ಸಿದ್ಧತೆಯಿಲ್ಲದೆ. ಅಂಗಡಿಗಳು ರಾತ್ರಿಯಿಡೀ ಬಾಗಿಲು ತೆರೆದು ಇದನ್ನು ನಡೆಸುತ್ತವೆ. ಗುಣಮಟ್ಟಕ್ಕೆ ಇದರಿಂದ ಏನು ಲಾಭವೋ ನನಗೆ ಅನುಮಾನ, ಆದರೆ ‘ಸಮಯವಿಲ್ಲ’ ಎಂಬ ನೆಪವನ್ನು ಅದು ಚೆನ್ನಾಗಿ ಮುರಿಯುತ್ತದೆ. ಅಂಗಡಿಗಳಾಚೆಗೆ ಮೇಳಗಳಿವೆ. 1974ರಲ್ಲಿ ಫ್ರಾನ್ಸಿನ ಅಂಗುಲೇಮ್‌ನಲ್ಲಿ ಆರಂಭವಾದದ್ದು ದೊಡ್ಡದು, 1994ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಆರಂಭವಾದದ್ದು ಸಣ್ಣ ಪ್ರಕಾಶಕರಿಗೆಂದೇ ಇರುವುದು. ನಮ್ಮಲ್ಲಿ ಇಂಡೀ ಕಾಮಿಕ್ಸ್ ಫೆಸ್ಟ್ ಎಂಬ ಮೇಳ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಮೇಜು ಹಾಕಿಕೊಟ್ಟಿದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿಯನ್ನು ನಾನು ಕಂಡಿಲ್ಲ. ಆದರೆ ಅದಕ್ಕೆ ಬೇಕಾದ ಲೆಕ್ಕಾಚಾರ ಈ ಊರಿಗೆ ಹೊಸದಲ್ಲ. 1933ರಲ್ಲಿ ಜಿ.ಬಿ. ಜೋಶಿ ಅವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರಿಂದ ಮುಂಗಡ ಹಣ ಪಡೆದು ಪುಸ್ತಕ ಅಚ್ಚು ಹಾಕಿತು. ಓದುಗರ ಸಂಖ್ಯೆ ಮೊದಲೇ ಗೊತ್ತಿರುವ ಕಾರಣಕ್ಕೆ ಸಣ್ಣ ಪ್ರಕಾಶನವೊಂದು ಹೊಸಬರ ಮೇಲೆ ಹಣ ಹೂಡಬಹುದೆಂಬ, ಸ್ಯೂಲಿಂಗ್ ಅವರ ಕರಾರಿನ ಹಿಂದಿದ್ದ ತರ್ಕವೇ ಇದು, ನಾಲ್ಕು ದಶಕ ಮುಂಚೆ. ಸುಭಾಷ ರಸ್ತೆಯಲ್ಲಿರುವ ಅದರ ಅಟ್ಟದಲ್ಲಿ ಲೇಖಕರು ಕೂಡಿ ಹರಟಿದ್ದು, ಹಸ್ತಪ್ರತಿ ಓದಿದ್ದು, ಜಗಳವಾಡಿದ್ದು ಪ್ರಕಾಶನದ ಕೆಲಸದ ಭಾಗವೇ ಆಗಿತ್ತು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಹೊರಬಂತು.

ಅಚ್ಚಿನ ಅನುಕೂಲಕ್ಕೂ ಕೊರತೆಯಿಲ್ಲ. ಮುದ್ರಣ ಕಾಶಿಯೆಂದು ಹೆಸರಾದ ಗದಗ ಹತ್ತಿರದಲ್ಲಿಯೇ ಇದೆ, ಆದರೆ ಆಫ್‌ಸೆಟ್ ಯಂತ್ರಕ್ಕೆ ಸಾವಿರದ ಹತ್ತಿರ ಪ್ರತಿಯಾದರೆ ಮಾತ್ರ ಅರ್ಥವಿದೆ. ಮೊದಲ ಪುಸ್ತಕಕ್ಕೆ ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸು ತೆಗೆಯುವ ಝೆರಾಕ್ಸ್ ಅಂಗಡಿಗಳು ಸಾಕು. ಒಂದು ಎ4 ಹಾಳೆಯನ್ನು ಎಂಟು ಸಮಭಾಗವಾಗಿ ಮಡಚಿ, ಮಧ್ಯದಲ್ಲಿ ಒಂದೇ ಒಂದು ಕತ್ತರಿ ಹಾಕಿ ಮತ್ತೆ ಮಡಚಿದರೆ, ಪಿನ್ನೂ ಅಂಟೂ ಇಲ್ಲದೆ ಎಂಟು ಪುಟದ ಪುಸ್ತಕವಾಗುತ್ತದೆ. ಹಾಳೆಯ ಒಂದೇ ಬದಿಯಲ್ಲಿ ಅಚ್ಚಾಗುವುದರಿಂದ ಖರ್ಚೂ ಒಂದೇ ಪ್ರತಿಯದು. ಇನ್ನಷ್ಟು ಬೇಕೆಂದರೆ ನಾಲ್ಕು ಹಾಳೆಗಳನ್ನು ಎರಡೂ ಬದಿ ಅಚ್ಚು ಮಾಡಿ, ನಡುವೆ ಮಡಚಿ, ಬೆನ್ನಿಗೆ ಎರಡು ಪಿನ್ನು ಹೊಡೆದರೆ ಹದಿನಾರು ಪುಟ. ಹೀಗೆ ಮಡಚುವುದರಿಂದಲೇ ಪಿನ್ನು ಹೊಡೆದ ಕಾಮಿಕ್ಸ್‌ನ ಪುಟಗಳು ಯಾವಾಗಲೂ ನಾಲ್ಕರ ಗುಣಕದಲ್ಲಿರುತ್ತವೆ. ಕಥೆ ಹದಿನಾಲ್ಕಕ್ಕೆ ಮುಗಿದರೂ ಎರಡು ಪುಟಕ್ಕೆ ಏನಾದರೂ ಹುಡುಕಬೇಕು.

ಅಂಗಡಿಯವನ ಜೊತೆಗಿನ ವ್ಯವಹಾರ ಅದಕ್ಕಿಂತ ಸರಳ. ಪುಸ್ತಕದ ಹೆಸರು, ಕೊಟ್ಟ ಪ್ರತಿಗಳ ಸಂಖ್ಯೆ, ಬೆಲೆ, ಅಂಗಡಿಯ ಪಾಲು, ಲೆಕ್ಕ ನೋಡುವ ದಿನಾಂಕ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಗೆಳೆತನವಿದೆಯೆಂದು ಚೀಟಿ ಬರೆಯದೆ ಬಿಟ್ಟವರು ಆರು ತಿಂಗಳ ನಂತರ ಹತ್ತು ಪ್ರತಿ ಕೊಟ್ಟಿದ್ದೆನೋ ಹದಿನೈದೋ ಎಂದು ನೆನಪಿಸಿಕೊಳ್ಳುತ್ತ ಕೂಡುತ್ತಾರೆ.